ಮೊಟಕು ಬೆರಳಿನ ಎಸೆಗಾರ

ಈ ಲೇಖನವನ್ನು ಓದತೊಡಗುವ ಮೊದಲು ವಾಚಕರು ಒಂದು ನಿಮಿಷ ತಮ್ಮ ಬಲಗೈಯನ್ನು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಹೆಬ್ಬೆರಳಿನ ಪಕ್ಕದ ತೋರುಬೆರಳು ದಿನಕ್ಕೆ ಎಷ್ಟು ಕೆಲಸಗಳಿಗೆ ಬರುತ್ತದೆಂಬುದನ್ನು ನಾವಾರೂ ಎಣಿಸಿದವರಲ್ಲ. ರಂಗೋಲಿಯ ಪುಡಿ ಎಳೆಯಾಗಿ ಇಳಿಯುವುದು ಅದರ ಸಂದಿನಿಂದ; ಸೂಜಿಗೆ ದಾರವನ್ನು ಪೋಣಿಸುವುದು, ಲೇಖನಿಯನ್ನು ಹಿಡಿಯುವುದು, ಸಾರಿಗೆ ಚಿಟಿಕೆ ಇಂಗು ಹಾಕುವುದು, ಅಳುವ ಮಗುವಿಗೆ ಚಂದ್ರನನ್ನು ತೋರಿಸುವುದು, ಎಲ್ಲಕ್ಕೂ ಅದೇ ಮುಂದು. ಈಳಿಗೆಮಣೆಯಲ್ಲಿ ತುಸು ತಗುಲಿ ಬಟ್ಟೆ ಸುತ್ತಿಕೊಂಡ ದಿನ ಮಾತ್ರ ಅದರ ಬೆಲೆ ನಮಗೆ ತಿಳಿಯುತ್ತದೆ. ಆ ಬೆರಳನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡು, ಉಳಿದ ಬೆರಳುಗಳೂ ಸೊಟ್ಟಗಾಗಿ, ಅಂಥ ಕೈಯಿಂದಲೇ ಚೆಂಡೆಸೆದು ಹೊಟ್ಟೆ ಹೊರೆದುಕೊಂಡವನೊಬ್ಬನ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಹೊಟ್ಟೆ ಹೊರೆದುಕೊಂಡುದಷ್ಟೇ ಅಲ್ಲ. ಆರೇಳು ವರ್ಷಗಳ ಕಾಲ ಅವನ ಚೆಂಡನ್ನು ಸರಿಯಾಗಿ ಹೊಡೆಯಬಲ್ಲವರು ಅವನ ದೇಶದಲ್ಲಿಯೇ ಬಹು ವಿರಳರಾಗಿದ್ದರು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಇಂಡಿಯಾನ ಎಂಬುದೊಂದು. ಅದರ ಪಶ್ಚಿಮ ಭಾಗದಲ್ಲಿ, ಹೊಲಗದ್ದೆಗಳ ನಡುವೆ, ನೈಸ್‌ವಿಲ್ ಎಂಬ ಸಣ್ಣ ಹಳ್ಳಿಯಿದೆ. 1876ನೆಯ ಇಸವಿ ಅಕ್ಟೋಬರ್ 19ರಂದು ಅಲ್ಲಿ ಬ್ರೌನ್ ಎಂಬ ಮನೆತನದಲ್ಲಿ ಒಂದು ಗಂಡುಮಗು ಹುಟ್ಟಿತು. ಆ ವರ್ಷ ಅಮೆರಿಕವು ಸ್ವತಂತ್ರವಾಗಿ ನೂರು ವರ್ಷ ತುಂಬಿದ ಸಂಭ್ರಮದಲ್ಲಿದ್ದುದರಿಂದ ತಂದೆತಾಯಿಗಳು ಮಗುವಿಗೆ 'ಸೆಂಟೆನಿಯಲ್' ಅಂದರೆ 'ಶತಮಾನೋತ್ಸವದವನು' ಎಂಬ ಹೆಸರನ್ನೂ ಸೇರಿಸಿದರು. ಪೂರ್ಣ ನಾಮಧೇಯ ಮಾರ್ಡಕೈ ಪೀಟರ್ ಸೆಂಟೆನಿಯಲ್ ಬ್ರೌನ್. ಮಾರ್ಡಕೈ ಎಂಬುದು ಯೆಹೂದ್ಯರ ಪುರಾತನ ಹೆಸರು, ಬೈಬಲಿನಲ್ಲಿ ಬರುವಂಥದು. ಕನ್ನಡದ ಕಿವಿಗೆ ಆ ಹೆಸರಿನ ಕೊನೆಯಲ್ಲಿ 'ಕೈ' ಕೇಳಿಸುವುದು ಕೇವಲ ಕಾಕತಾಳೀಯ. ಆದರೂ ಅವನ ಬಾಳೆಲ್ಲ ಆ ಒಂದು ಕೈಯ ಸುತ್ತಲೇ ತಿರುಗಿತು.

ರೈತರ ಮನೆಗಳಲ್ಲಿ ಆಗ ದನಕರುಗಳಿಗೆ ಮೇವನ್ನು ಕತ್ತರಿಸಿ ಹಾಕುವುದಕ್ಕೆ ಹಲ್ಲುಚಕ್ರದ ಯಂತ್ರವೊಂದು ಇರುತ್ತಿತ್ತು. ಒಂದು ಕಡೆಯಿಂದ ಜೋಳದ ದಂಟನ್ನು ತುರುಕಿದರೆ ಒಳಗಿನ ಅಲಗುಗಳು ಅದನ್ನು ತುಂಡುತುಂಡಾಗಿ ಕಡಿದು ಹೊರಕ್ಕೆ ಉದುರಿಸುತ್ತಿದ್ದುವು. ಆಗತಾನೆ ಶಾಲೆಯ ವಯಸ್ಸಿಗೆ ಬರುತ್ತಿದ್ದ ಹುಡುಗನ ಬಲಗೈ ಒಂದು ದಿನ ಆ ಯಂತ್ರದೊಳಕ್ಕೆ ಸಿಕ್ಕಿತು. ತೋರುಬೆರಳಿನ ಬಹುಭಾಗ ಹೋಯಿತು. ಬುಡದ ಒಂದು ಮೊಟಕು ಮಾತ್ರ ಉಳಿಯಿತು. ಉಳಿದ ಬೆರಳುಗಳಿಗೂ ಗಾಯವಾಯಿತು. ವೈದ್ಯರು ಹೊಲಿದು, ದಬ್ಬೆ ಕಟ್ಟಿ, ಕೈಯನ್ನು ಹೇಗೋ ಉಳಿಸಿಕೊಟ್ಟರು. ಆದರೆ ಮಕ್ಕಳನ್ನು ಸಾಕಿದ ತಾಯಂದಿರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಕಟ್ಟು ಬಿಚ್ಚುವ ಮೊದಲೇ ಆಟದ ಭರದಲ್ಲಿ ಹುಡುಗ ಬಿದ್ದನು. ಅದೇ ಕೈಯ ಮೂಳೆಗಳು ಮತ್ತೆ ಮುರಿದುವು. ಈ ಸಲ ಅವು ಸರಿಯಾಗಿ ಕೂಡಲಿಲ್ಲ. ನಡುಬೆರಳು ಡೊಂಕಾಗಿ ನಿಂತಿತು. ಕಿರುಬೆರಳಿನ ಚಲನೆ ಮುಕ್ಕಾಲು ಪಾಲು ನಿಂತುಹೋಯಿತು.

ಇಂಥ ಕೈಯ ರೈತರ ಮಗನು ಏನಾಗಬಹುದು? ಬ್ರೌನನು ಬೆಳೆದು ಕಲ್ಲಿದ್ದಲ ಗಣಿಗೆ ಕೂಲಿಗೆ ಹೋದನು. ಇಂಡಿಯಾನದ ಆ ಭಾಗದಲ್ಲಿ ಹೊಲ ಬಿಟ್ಟರೆ ಗಣಿ, ಗಣಿ ಬಿಟ್ಟರೆ ಹೊಲ; ಬೇರೆ ದಾರಿಯಿರಲಿಲ್ಲ. ಮುಂದೆ ಅವನು ಹೆಸರುವಾಸಿಯಾದ ಮೇಲೆಯೂ ಜೊತೆಗಾರರು ಅವನನ್ನು 'ಮೈನರ್' ಅಂದರೆ 'ಗಣಿಯವನು' ಎಂದೇ ಕರೆಯುತ್ತಿದ್ದರು. ವಾರವೆಲ್ಲ ಕತ್ತಲೆಯಲ್ಲಿ ದುಡಿಯುವ ಗಣಿ ಊರುಗಳಿಗೆ ಬಿಡುವಿನ ದಿನದ ಒಂದೇ ಸಂತೋಷ ಬೇಸ್‌ಬಾಲ್ ಆಟ. ಪ್ರತಿ ಊರಿಗೂ ತನ್ನದೇ ತಂಡ. ಪಕ್ಕದ ಊರನ್ನು ಸೋಲಿಸುವುದು ಮಾನದ ಪ್ರಶ್ನೆ.

ಈ ಆಟವನ್ನು ನೋಡದ ವಾಚಕರಿಗಾಗಿ ನಾಲ್ಕು ಮಾತು ಹೇಳುವುದು ಅವಶ್ಯ. ಕ್ರಿಕೆಟ್ಟಿನಲ್ಲಿ ಬೌಲರನು ತೋಳನ್ನು ನೀಡಿ ಬೀಸಿ ಚೆಂಡನ್ನು ನೆಲಕ್ಕೆ ತಾಗಿಸಿ ಪುಟಿಸುತ್ತಾನೆ. ಬೇಸ್‌ಬಾಲಿನ ಎಸೆಗಾರನಾದರೋ (ಅವರು 'ಪಿಚರ್' ಎನ್ನುತ್ತಾರೆ) ಹುಡುಗರು ಮಾವಿನಕಾಯಿಗೆ ಕಲ್ಲು ಬೀರುವಂತೆ ಮೊಣಕೈ ಮಡಿಸಿಯೇ ಎಸೆಯುತ್ತಾನೆ. ಚೆಂಡು ನೆಲ ಮುಟ್ಟದೆ 60 ಅಡಿ 6 ಅಂಗುಲ ದೂರದಲ್ಲಿ ನಿಂತ ದಾಂಡಿಗನನ್ನು ತಲಪಬೇಕು. ದಾಂಡಿಗನ ಕೈಯಲ್ಲಿರುವುದು ಚಪ್ಪಟೆಯ ಬ್ಯಾಟಲ್ಲ, ಒನಕೆಯಂತೆ ದುಂಡಗಿನ ದಾಂಡು. ಚೆಂಡು ಅವನ ಎದೆ ಮೊಣಕಾಲುಗಳ ನಡುವಿನ ಎತ್ತರದಲ್ಲಿ ಸರಿಯಾಗಿ ಬಂದೂ ಅವನು ಹೊಡೆಯದಿದ್ದರೆ, ಅಥವಾ ಬೀಸಿ ತಪ್ಪಿದರೆ, ಅದು ಒಂದು ತಪ್ಪು. ಮೂರು ತಪ್ಪಿಗೆ ಅವನು ಔಟು. ಹೊಡೆದರೆ 90 ಅಡಿಗೊಂದರಂತಿರುವ ನಾಲ್ಕು ಬೇಸುಗಳನ್ನು ಸುತ್ತಿಕೊಂಡು ಓಡಿ ಮನೆ ಸೇರಬೇಕು. ಆಗಲೇ ಒಂದು ಓಟ. ಮೂವರು ಔಟಾದರೆ ಎದುರು ತಂಡದ ಸರದಿ. ಹೀಗೆ ಒಂಬತ್ತು ಸುತ್ತು. ನಮ್ಮಲ್ಲಿ ನೂರಾರು ಓಟಗಳ ಲೆಕ್ಕ ಕೇಳಿ ಅಭ್ಯಾಸವಾದವರಿಗೆ ಅಲ್ಲಿ ಒಂದು, ಎರಡು ಓಟಗಳಿಂದ ಪಂದ್ಯ ಮುಗಿಯುವುದು ವಿಚಿತ್ರವೆನಿಸೀತು. ಆದರೆ ಆ ಕಾರಣದಿಂದಲೇ ಅಲ್ಲಿ ಎಸೆಗಾರನೆಂದರೆ ತಂಡದ ಅರ್ಧ ಪ್ರಾಣ. ಒಬ್ಬನೇ ಎಸೆಗಾರನು ಮೊದಲಿನಿಂದ ಕಡೆಯವರೆಗೆ ಎಸೆಯುವುದು ಆ ಕಾಲದ ವಾಡಿಕೆ. ಗೆಲುವು ಸೋಲುಗಳನ್ನು ಅವನ ಹೆಸರಿನಲ್ಲಿಯೇ ಬರೆದಿಡುತ್ತಿದ್ದರು.

ಬ್ರೌನನು ಮೊದಲು ಎಸೆಗಾರನಾಗಿರಲಿಲ್ಲ. ಕಾಕ್ಸ್‌ವಿಲ್ ಎಂಬ ಗಣಿ ಊರಿನ ತಂಡದಲ್ಲಿ ಮೂರನೆಯ ಬೇಸನ್ನು ಕಾಯುತ್ತಿದ್ದನು. 1898ರಲ್ಲಿ ಒಂದು ದಿನ ತಂಡಕ್ಕೆ ಎಸೆಗಾರನಿಲ್ಲದೆ ಹೋಗಿ, ಬೇರಾರೂ ಸಿಗದೆ, ಚೆಂಡು ಅವನ ಕೈಗೆ ಬಂದಿತು. ಎದುರಿಗೆ ನಿಂತವರು ಗಟ್ಟಿಗರೇ. ಆದರೂ ಚೆಂಡು ಬರುವ ಬಗೆ ಅವರಿಗೆ ತಿಳಿಯಲಿಲ್ಲ. ನೆಟ್ಟಗೆ ಬಂದಂತೆ ಬಂದು, ದಾಂಡಿನ ಬಳಿ ಥಟ್ಟನೆ ಕೆಳಕ್ಕೆ ಕುಸಿಯುತ್ತಿತ್ತು. ಬ್ರೌನನು ಗಣಿಯ ಸಲಿಕೆಯನ್ನು ಬಿಟ್ಟನು. 1901ರಲ್ಲಿ ಟೆರ ಹೋಟ್ ಪಟ್ಟಣದ ವೃತ್ತಿತಂಡ, ಮರುವರ್ಷ ಒಮಾಹ, 1903ರಲ್ಲಿ ಸೇಂಟ್ ಲೂಯಿ ನಗರದ ಕಾರ್ಡಿನಲ್ಸ್ ತಂಡ: ಹೀಗೆ ಅವನು ಮೆಟ್ಟಿಲು ಹತ್ತಿದನು. ದೊಡ್ಡ ಲೀಗಿಗೆ ಬರುವ ವೇಳೆಗೆ ಅವನಿಗೆ ಇಪ್ಪತ್ತಾರು ವರ್ಷ. ಆ ವಯಸ್ಸಿಗೆ ಅನೇಕ ಎಸೆಗಾರರ ತೋಳು ಸವೆಯಲು ಆರಂಭಿಸಿರುತ್ತದೆ.

ಸೇಂಟ್ ಲೂಯಿಯಲ್ಲಿ ಅವನ ಮೊದಲ ವರ್ಷ ಹೇಳಿಕೊಳ್ಳುವಂತಿರಲಿಲ್ಲ. ಒಂಬತ್ತು ಗೆಲುವು, ಹದಿಮೂರು ಸೋಲು. ತಂಡವೂ ಆ ಸಲ ಲೀಗಿನ ಕಟ್ಟಕಡೆಯ ಸ್ಥಾನದಲ್ಲಿತ್ತು. ವರ್ಷಾಂತ್ಯದಲ್ಲಿ ಮಾಲೀಕರು ಅವನನ್ನು ಚಿಕಾಗೋ ನಗರದ ತಂಡಕ್ಕೆ ಕೊಟ್ಟು, ಅಲ್ಲಿಂದ ಆಗಲೇ ಹೆಸರು ಮಾಡಿದ್ದ ಎಸೆಗಾರನೊಬ್ಬನನ್ನು ತಂದುಕೊಂಡರು. ಆ ಕಾಲದಲ್ಲಿ ಇಂಥ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಬೇಕಾಗಿರಲಿಲ್ಲ. ದನದ ಜಾತ್ರೆಯಲ್ಲಿ ಎತ್ತುಗಳನ್ನು ಬದಲಾಯಿಸಿಕೊಂಡಂತೆ ಮಾಲೀಕರೇ ಮಾತಾಡಿ ಮುಗಿಸುತ್ತಿದ್ದರು. ಹಲ್ಲು ಎಣಿಸಿ ಎತ್ತನ್ನು ಕೊಳ್ಳುವವರೂ ಒಮ್ಮೊಮ್ಮೆ ಮೋಸಹೋಗುವುದುಂಟು. ಬೆರಳು ಎಣಿಸಿದವರು ಇಲ್ಲಿ ಮೋಸಹೋದರು.

ಈಗ ಆ ಕೈಯ ವಿಚಾರ. ಪತ್ರಿಕೆಗಳವರು ಅವನಿಗೆ 'ಮೂರು ಬೆರಳಿನ ಬ್ರೌನ್' ಎಂದು ಹೆಸರಿಟ್ಟರು. ಇಂದಿಗೂ ಅದೇ ಹೆಸರು ನಿಂತಿದೆ. ನಮಗೆ ಇದರಲ್ಲಿ ಒಂದು ತಕರಾರಿದೆ. ಐದು ಬೆರಳೂ ಒಂದೇ ಸಮನಾಗಿರುವುದಿಲ್ಲವೆಂದು ನಾವು ಗಾದೆ ಹೇಳುತ್ತೇವೆಯೇ ಹೊರತು ಹೆಬ್ಬೆರಳನ್ನು ಲೆಕ್ಕದಿಂದ ಬಿಡುವವರಲ್ಲ. ಇಂಗ್ಲಿಷರದು ಬೇರೆ ಎಣಿಕೆ: ಬೆರಳು ನಾಲ್ಕೇ, ಹೆಬ್ಬೆಟ್ಟು ಬೇರೆ. ಆದುದರಿಂದ ನಮ್ಮ ಲೆಕ್ಕದಲ್ಲಿ ಬ್ರೌನನು ನಾಲ್ಕು ಬೆರಳಿನವನು. ಮೊಟಕನ್ನು ಸೇರಿಸಿದರೆ ನಾಲ್ಕು ಚಿಲ್ಲರೆ. ಈ ಚಿಲ್ಲರೆಯೇ ಅವನ ಬಂಡವಾಳವಾಯಿತೆಂಬುದು ಸ್ವಾರಸ್ಯ.

ಎಸೆಗಾರನು ಚೆಂಡನ್ನು ಬಿಡುವ ಕೊನೆಯ ಗಳಿಗೆಯಲ್ಲಿ ಅದಕ್ಕೆ ತಿರುಗುವ ಗತಿಯನ್ನು ಕೊಡುವುದು ತೋರುಬೆರಳು ಮತ್ತು ನಡುಬೆರಳುಗಳ ತುದಿ. ಸಾಮಾನ್ಯ ವೇಗದ ಚೆಂಡು ಹಿಮ್ಮುಖವಾಗಿ ಸುತ್ತುತ್ತಾ ಹೋಗುವುದರಿಂದ ಗಾಳಿ ಅದನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ. ಅದು ನಿರೀಕ್ಷಿಸಿದುದಕ್ಕಿಂತ ಕಡಿಮೆ ಇಳಿಯುತ್ತದೆ. ಮುಮ್ಮುಖವಾಗಿ ಸುತ್ತುವಂತೆ ಎಸೆದರೆ ಅದೇ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಸುತ್ತುವ ವಸ್ತುವಿಗೂ ಗಾಳಿಗೂ ನಡೆಯುವ ಈ ವ್ಯಾಪಾರವನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಮ್ಯಾಗ್ನಸ್ ಎಂಬವರು ವಿವರಿಸಿದರು. ಅವರ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬ್ರೌನನ ಕೈಯಲ್ಲಿ ಚೆಂಡು ಮೊಟಕಿನ ಮೇಲೆ ಒರಗಿ, ಡೊಂಕಾದ ನಡುಬೆರಳಿನ ಮೇಲಿಂದ ಜಾರಿ ಹೊರಡುತ್ತಿತ್ತು. ಇತರರ ಕೈಯಿಂದ ಬರುವ ಚೆಂಡಿನ ಸುತ್ತು ಅದಕ್ಕಿರುತ್ತಿರಲಿಲ್ಲ. ನೇರವಾಗಿ ಎಸೆದರೂ ತುಸು ಇಳಿಯುತ್ತಿತ್ತು. ಬೇಕೆಂದೇ ತಿರುಚಿ ಎಸೆದರಂತೂ ಮೇಜಿನಂಚಿನಿಂದ ಉರುಳಿದಂತೆ ಬೀಳುತ್ತಿತ್ತು. ಆ ಕಾಲದ ಮಹಾದಾಂಡಿಗನಾದ ಟೈ ಕಾಬ್ ಎಂಬವನು, ಯಾರನ್ನೂ ಸುಲಭವಾಗಿ ಹೊಗಳುವ ಸ್ವಭಾವದವನಲ್ಲ. ಆದರೆ ತಾನು ಎದುರಿಸಿದ ತಿರುಚು ಚೆಂಡುಗಳಲ್ಲೆಲ್ಲ ಬ್ರೌನನದೇ ಅತಿ ಘೋರವಾದುದೆಂದು ಒಪ್ಪಿಕೊಂಡನು.

ಏಕಲವ್ಯನ ಕಥೆ ಬಲ್ಲ ನಮಗೆ ಇದು ತಲೆಕೆಳಗಾದ ಏಕಲವ್ಯನ ಕಥೆಯಾಗಿ ತೋರುವುದು ಸಹಜ. ಅಲ್ಲಿ ಬೆರಳು ಹೋಗಿ ವಿದ್ಯೆ ಕುಂದಿತು. ಇಲ್ಲಿ ಬೆರಳು ಹೋಗಿ ವಿದ್ಯೆ ಬಂದಿತು. ಆದರೆ ಇಷ್ಟು ಸುಲಭವಾಗಿ ಹೇಳಿಬಿಡುವುದು ನಮಗೆ ಸರಿಯೆನಿಸದು. ಮೇವಿನ ಯಂತ್ರಕ್ಕೆ ಕೈ ಸಿಕ್ಕಿದ ಹುಡುಗರು ಆ ದೇಶದಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಎಸೆಗಾರರಾದವರು ಎಷ್ಟು ಮಂದಿ? ಬ್ರೌನನು ಎಳೆತನದಿಂದ ಕಲ್ಲುಗಳನ್ನು ಗುರಿಯಿಟ್ಟು ಬೀರಿ ಬೀರಿ ಆ ಕೈಯನ್ನು ಪಳಗಿಸಿದ್ದನು. ಚೆಂಡು ಬೀಳುವುದು ಮೊಟಕಿನ ಗುಣವಿರಬಹುದು. ಅದು ಬೇಕಾದ ಕಡೆಯೇ ಬೀಳುವುದು ಮೊಟಕಿನ ಗುಣವಲ್ಲ. ಅವನು ದಾಂಡಿಗನಿಗೆ ಬಿಟ್ಟಿಯಾಗಿ ಬೇಸು ಕೊಡುತ್ತಿದ್ದುದು ಬಹಳ ಅಪರೂಪ.

ಚಿಕಾಗೋ ತಂಡಕ್ಕೆ 'ಕಬ್ಸ್' ಅಂದರೆ 'ಕರಡಿಮರಿಗಳು' ಎಂದು ಹೆಸರು. ಬ್ರೌನನ ಚೆಂಡು ಹೇಗೆ ತಂಡಕ್ಕೆ ಒದಗಿತೋ ತಂಡವೂ ಹಾಗೆಯೇ ಅವನ ಚೆಂಡಿಗೆ ಒದಗಿತು. ಕುಸಿಯುವ ಚೆಂಡಿನ ತಲೆಯ ಮೇಲೆ ದಾಂಡು ತಗುಲಿದರೆ ಅದು ಆಕಾಶಕ್ಕೆ ಹಾರದೆ ನೆಲದ ಮೇಲೆ ಉರುಳುತ್ತದೆ. ಉರುಳಿದ ಚೆಂಡನ್ನು ಎತ್ತಿ ಕಣ್ಣುಮುಚ್ಚಿ ತೆರೆಯುವುದರೊಳಗೆ ಬೇಸಿಗೆ ಎಸೆಯಲು ಟಿಂಕರ್, ಈವರ್ಸ್ ಮತ್ತು ತಂಡದ ನಾಯಕನೂ ಆಗಿದ್ದ ಫ್ರ್ಯಾಂಕ್ ಚಾನ್ಸ್ ಕಾದಿರುತ್ತಿದ್ದರು. ಟಿಂಕರನಿಗೂ ಈವರ್ಸನಿಗೂ ಹಲವು ವರ್ಷ ಪರಸ್ಪರ ಮಾತಿರಲಿಲ್ಲ. ಚೆಂಡು ಮಾತ್ರ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ತಪ್ಪದೆ ಹೋಗುತ್ತಿತ್ತು. ಒಂದೇ ಮನೆಯಲ್ಲಿ ಮುನಿದು ಬಾಳುವ ಓರಗಿತ್ತಿಯರ ಅಡುಗೆ ಕೆಟ್ಟುದನ್ನು ಕಂಡವರಾರು?

1906ರಲ್ಲಿ ಕಬ್ಸ್ ತಂಡವು 116 ಪಂದ್ಯಗಳನ್ನು ಗೆದ್ದು 36ನ್ನು ಮಾತ್ರ ಸೋತಿತು. ಬ್ರೌನನ ಪಾಲಿಗೆ 26 ಗೆಲುವು, 6 ಸೋಲು. ಎಸೆಗಾರನ ಯೋಗ್ಯತೆಯನ್ನು ಅಳೆಯಲು ಆ ಆಟದವರು ಒಂದು ಲೆಕ್ಕ ಇಟ್ಟಿದ್ದಾರೆ. ಕ್ಷೇತ್ರರಕ್ಷಕರ ತಪ್ಪಿನಿಂದ ಬಂದ ಓಟಗಳನ್ನು ಕಳೆದು, ಒಂಬತ್ತು ಸುತ್ತಿನ ಪಂದ್ಯವೊಂದಕ್ಕೆ ಅವನು ಸರಾಸರಿ ಎಷ್ಟು ಓಟ ಬಿಟ್ಟುಕೊಟ್ಟನೆಂಬುದು. ಆ ವರ್ಷ ಬ್ರೌನನ ಸರಾಸರಿ 1.04. ಹತ್ತು ಪಂದ್ಯ ಪೂರ್ತಿಯಾಗಿ ಎಸೆದರೆ ಹತ್ತೇ ಓಟವೆಂದು ತಿಳಿಯಬಹುದು. ನ್ಯಾಶನಲ್ ಲೀಗಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದ ಈಚೆಗೆ ಅದಕ್ಕಿಂತ ಕಡಿಮೆಯದು ಯಾರಿಗೂ ಸಾಧ್ಯವಾಗಿಲ್ಲ.

ಇಂಥ ಲೆಕ್ಕಗಳನ್ನು ಬರೆಯುವಾಗ ನಮ್ಮ ಲೇಖನಿ ಒಂದು ಕಡೆ ತಡೆಯುತ್ತದೆ. ಈ ಲೀಗುಗಳೆಲ್ಲವೂ ಬಿಳಿಯರದು. ನೀಗ್ರೋ ಜನಾಂಗದವರೆಂಬ ಒಂದೇ ಕಾರಣದಿಂದ ಎಷ್ಟೋ ಸಮರ್ಥರಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. 1947ರಲ್ಲಿ ಜಾಕಿ ರಾಬಿನ್‌ಸನ್ ಬ್ರೂಕ್‌ಲಿನ್ ತಂಡವನ್ನು ಸೇರುವವರೆಗೂ ಅದು ತೆರೆಯಲಿಲ್ಲ. ಬೆರಳಿಲ್ಲದ ಕೈಗೆ ದೊರೆತ ಅವಕಾಶ ಕಪ್ಪು ಕೈಗೆ ದೊರೆಯಲಿಲ್ಲ. ಇದರಲ್ಲಿ ಬ್ರೌನನ ತಪ್ಪೇನೂ ಇಲ್ಲ. ಆದರೂ ಇದನ್ನು ಬಿಟ್ಟು ಅವನ ಕಾಲದ ಕಥೆಯನ್ನು ಹೇಳಿದರೆ ಅರ್ಧ ಹೇಳಿದಂತೆ.

ಅಷ್ಟು ಪ್ರತಾಪದ 1906ನೆಯ ವರ್ಷವೇ ಅವನಿಗೆ ಅತಿ ಕಹಿಯಾದ ಸೋಲನ್ನೂ ತಂದಿತು. ವರ್ಷದ ಕೊನೆಯಲ್ಲಿ ಎರಡು ಲೀಗುಗಳ ವಿಜೇತರಿಗೆ ನಡೆಯುವ 'ವಿಶ್ವ ಸರಣಿ'ಯಲ್ಲಿ ಎದುರಾಳಿ ಚಿಕಾಗೋ ನಗರದ್ದೇ ಆದ ವೈಟ್ ಸಾಕ್ಸ್ ತಂಡ. ಅವರ ದಾಂಡುಗಾರಿಕೆ ನಗೆಪಾಟಲಿನದೆಂದು ಎಲ್ಲರೂ ಹೇಳುತ್ತಿದ್ದರು. ಬ್ರೌನನು ಮೊದಲ ಪಂದ್ಯವನ್ನು 2–1ರಿಂದ ಸೋತನು. ನಾಲ್ಕನೆಯದನ್ನು 1–0ಯಿಂದ ಗೆದ್ದನು. ದಣಿದ ತೋಳಿನಿಂದ ಆರನೆಯದಕ್ಕೆ ನಿಂತು, ಎರಡನೆಯ ಸುತ್ತಿನಲ್ಲಿಯೇ ಪೆಟ್ಟು ತಿಂದು ಹೊರನಡೆಯಬೇಕಾಯಿತು. ಸರಣಿಯೂ ಆ ದಿನ ಕೈಬಿಟ್ಟಿತು. ಮರುವರ್ಷ ಕಬ್ಸ್ ತಂಡವು ಡೆಟ್ರಾಯಿಟ್ ತಂಡವನ್ನು ಸೋಲಿಸಿ ವಿಶ್ವವಿಜೇತವಾಯಿತು; ಕೊನೆಯ ಪಂದ್ಯದಲ್ಲಿ ಬ್ರೌನನು ಒಂದು ಓಟವನ್ನೂ ಕೊಡಲಿಲ್ಲ.

ಇನ್ನು ಅವನ ಪ್ರತಿಸ್ಪರ್ಧಿಯ ಮಾತು. ನ್ಯೂಯಾರ್ಕಿನ ಜೈಂಟ್ಸ್ ತಂಡದಲ್ಲಿ ಕ್ರಿಸ್ಟಿ ಮ್ಯಾಥ್ಯೂಸನ್ ಎಂಬ ಎಸೆಗಾರನಿದ್ದನು. ಆಜಾನುಬಾಹು, ಸುಂದರ, ಕಾಲೇಜಿನಲ್ಲಿ ಓದಿದವನು; ಭಾನುವಾರ ಧರ್ಮದ ದಿನವೆಂದು ಆಡಲೊಲ್ಲದ ನೇಮದವನು. ದೇಶದ ತಾಯಂದಿರು ಮಕ್ಕಳಿಗೆ ಮಾದರಿಯಾಗಿ ಅವನ ಚಿತ್ರವನ್ನು ತೋರಿಸುತ್ತಿದ್ದರು. ಅಂಥವನ ಎದುರಿಗೆ ಗಣಿಯಿಂದ ಬಂದ ಸೊಟ್ಟ ಕೈಯವನು. 1905ರ ಜೂನ್ 13ರಂದು ಇವರಿಬ್ಬರೂ ಎದುರಾದಾಗ ಮ್ಯಾಥ್ಯೂಸನ್ನನು ಕಬ್ಸ್ ತಂಡದ ಒಬ್ಬರಿಗೂ ಒಂದು ಹೊಡೆತವನ್ನೂ ಬಿಡದೆ 1–0ಯಿಂದ ಗೆದ್ದನು. ಅಲ್ಲಿಂದ ಮುಂದೆ 1908ರವರೆಗೆ ಅವರಿಬ್ಬರ ಸೆಣಸಿನಲ್ಲಿ ಬ್ರೌನನು ಸಾಲಾಗಿ ಒಂಬತ್ತು ಸಲ ಗೆದ್ದನು. ಆ ಒಂಬತ್ತನೆಯದು ಅಮೆರಿಕದ ಬೇಸ್‌ಬಾಲ್ ಚರಿತ್ರೆಯಲ್ಲಿಯೇ ಅತಿ ಪ್ರಸಿದ್ಧವಾದ ಪಂದ್ಯಗಳಲ್ಲೊಂದು.

ಅದಕ್ಕೊಂದು ಪೂರ್ವಕಥೆಯಿದೆ. 1908ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಈ ಎರಡು ತಂಡಗಳ ಪಂದ್ಯ ಕೊನೆಯ ಸುತ್ತಿನಲ್ಲಿ 1–1 ಆಗಿ ನಿಂತಿತ್ತು. ಜೈಂಟ್ಸ್ ತಂಡದವನೊಬ್ಬನ ಹೊಡೆತಕ್ಕೆ ಮೂರನೆಯ ಬೇಸಿನಲ್ಲಿದ್ದವನು ಮನೆ ಸೇರಿದನು. ಗೆದ್ದೆವೆಂದು ಜನ ಮೈದಾನಕ್ಕೆ ನುಗ್ಗಿದರು. ಮೊದಲ ಬೇಸಿನಲ್ಲಿದ್ದ ಫ್ರೆಡ್ ಮರ್ಕಲ್ ಎಂಬ ಹತ್ತೊಂಬತ್ತು ವರ್ಷದ ಹುಡುಗನು ನಿಯಮದಂತೆ ಎರಡನೆಯ ಬೇಸನ್ನು ಮುಟ್ಟಬೇಕಾಗಿತ್ತು. ನೂಕುನುಗ್ಗಲನ್ನು ಕಂಡು ಅರ್ಧದಿಂದಲೇ ತಿರುಗಿ ಬಿಡಾರದ ಕಡೆಗೆ ಓಡಿದನು. ಕಬ್ಸ್ ತಂಡದ ಈವರ್ಸನು ಚೆಂಡೊಂದನ್ನು ಸಂಪಾದಿಸಿ (ಅದು ಆಟದ ಚೆಂಡೇ ಅಥವಾ ಬೇರೆಯದೇ ಎಂಬ ವಾದ ಮುಗಿದಿಲ್ಲ) ಬೇಸಿನ ಮೇಲೆ ನಿಂತು ಕೂಗಿದನು. ಮರ್ಕಲನು ಔಟು, ಓಟ ಸಲ್ಲದು ಎಂದು ತೀರ್ಪಾಯಿತು. ವರ್ಷದ ಪಂದ್ಯಗಳೆಲ್ಲ ಮುಗಿದಾಗ ಎರಡು ತಂಡಗಳೂ ಸಮಸಮ! ಅಕ್ಟೋಬರ್ 8ರಂದು ಅದೇ ಮೈದಾನದಲ್ಲಿ ಮತ್ತೊಮ್ಮೆ ಆಡಿ ತೀರಿಸಿಕೊಳ್ಳಬೇಕೆಂದು ನಿಶ್ಚಯವಾಯಿತು.

ಪೋಲೋ ಗ್ರೌಂಡ್ಸ್ ಎಂಬ ಆ ಮೈದಾನ ಆ ದಿನ ಯುದ್ಧರಂಗದಂತಿತ್ತು. ಒಳಗೆ ಜಾಗವಿಲ್ಲದೆ ಜನರು ಪಕ್ಕದ ಗುಡ್ಡದ ಮೇಲೂ ಎತ್ತರದ ರೈಲುಹಾದಿಯ ಕಂಬಗಳ ಮೇಲೂ ಹತ್ತಿ ನಿಂತಿದ್ದರು. ಕಬ್ಸ್ ತಂಡದವರು ಗೆದ್ದರೆ ಪ್ರಾಣಸಹಿತ ಹಿಂತಿರುಗುವುದಿಲ್ಲವೆಂದು ತನಗೆ ಬೆದರಿಕೆಯ ಕಾಗದಗಳು ಬಂದಿದ್ದುವೆಂದೂ, ಅವನ್ನು ನಾಯಕ ಚಾನ್ಸನಿಗೆ ತೋರಿಸಿ ಈ ಪಂದ್ಯವನ್ನು ತನಗೇ ಕೊಡಬೇಕೆಂದು ಕೇಳಿದೆನೆಂದೂ ಬ್ರೌನನು ಮುಂದೆ ಹೇಳಿದ್ದುಂಟು. ಚಾನ್ಸನು ಒಪ್ಪಲಿಲ್ಲ. ಬ್ರೌನನು ಹಿಂದಿನ ದಿನಗಳಲ್ಲಿ ಮೇಲಿಂದ ಮೇಲೆ ಎಸೆದು ದಣಿದಿದ್ದನು. ಆರಂಭಕ್ಕೆ ಫೀಸ್ಟರ್ ಎಂಬ ಎಡಗೈಯವನನ್ನು ನಿಲ್ಲಿಸಿದರು.

ಫೀಸ್ಟರನು ಮೊದಲ ದಾಂಡಿಗನ ಮೈಗೇ ಚೆಂಡನ್ನು ಹೊಡೆದನು. ಇನ್ನೊಬ್ಬನಿಗೆ ಬಿಟ್ಟಿ ಬೇಸು ಕೊಟ್ಟನು. ಒಂದು ಓಟ ಹೋಯಿತು. ಮತ್ತೊಬ್ಬನಿಗೆ ಬಿಟ್ಟಿ ಬೇಸು. ಮೊದಲ ಸುತ್ತೇ ಮುಗಿದಿಲ್ಲ, ವರ್ಷವೆಲ್ಲ ದುಡಿದುದು ಕೈಜಾರುವಂತಾಯಿತು. ಚಾನ್ಸನು ಕೈಬೀಸಿ ಬ್ರೌನನನ್ನು ಕರೆದನು. ಬೈಗಳ ಸುರಿಮಳೆಯಲ್ಲಿ ಜನರನ್ನು ಭುಜದಿಂದ ನೂಕುತ್ತಾ ಅವನು ಮೈದಾನದ ಮಧ್ಯಕ್ಕೆ ಬಂದು ನಿಂತು, ಎದುರಿದ್ದ ಡೆವ್ಲಿನನನ್ನು ಮೂರು ತಪ್ಪಿಗೆ ಔಟು ಮಾಡಿದನು. ಮೂರನೆಯ ಸುತ್ತಿನಲ್ಲಿ ಟಿಂಕರನು ಮ್ಯಾಥ್ಯೂಸನ್ನನ ಚೆಂಡನ್ನು ದೂರದ ರಕ್ಷಕನ ತಲೆಯ ಮೇಲಿಂದ ಹೊಡೆದು ಮೂರು ಬೇಸು ಓಡಿದನು; ಅದರ ಹಿಂದೆಯೇ ಹೊಡೆತದ ಮೇಲೆ ಹೊಡೆತ ಬಿದ್ದು ನಾಲ್ಕು ಓಟಗಳಾದುವು. ಆ ವರ್ಷ 37 ಪಂದ್ಯಗಳನ್ನು ಗೆದ್ದಿದ್ದ ಮಹಾನುಭಾವನ ಮೇಲೆ ಅಷ್ಟು ಓಟಗಳು!

ಪಂದ್ಯ ಇನ್ನೂ ಮುಗಿದಿರಲಿಲ್ಲ. ಏಳನೆಯ ಸುತ್ತಿನಲ್ಲಿ ಒಬ್ಬನೂ ಔಟಾಗದೆ ಮೂರು ಬೇಸುಗಳೂ ಜೈಂಟ್ಸ್ ತಂಡದವರಿಂದ ತುಂಬಿಕೊಂಡುವು. ಒಂದು ಒಳ್ಳೆಯ ಹೊಡೆತ ಬಿದ್ದಿದ್ದರೆ ನಮ್ಮ ಲೇಖನದ ನಾಯಕನೇ ಬೇರೆಯಾಗುತ್ತಿದ್ದನೋ ಏನೋ. ಮ್ಯಾಥ್ಯೂಸನ್ನನ ಬದಲು ದಾಂಡು ಹಿಡಿದು ಬಂದ ಡಾಯ್ಲ್ ಎಂಬವನು ಚೆಂಡನ್ನು ಮೇಲಕ್ಕೆ ಎತ್ತಿ ಹೊಡೆದು ಕ್ಯಾಚಿತ್ತನು. ಮುಂದಿನವನ ಹೊಡೆತವೂ ಹಿಡಿತಕ್ಕೆ ಸಿಕ್ಕಿತು. ಆದರೆ ಆ ನಡುವೆ ಒಬ್ಬನು ಓಡಿ ಮನೆ ಸೇರಿದನು. ಮೂರನೆಯವನ ಚೆಂಡು ಕುಸಿದು, ನೆಲದ ಮೇಲೆ ಉರುಳಿ, ಟಿಂಕರನ ಕೈ ಸೇರಿತು. ಒಂದೇ ಓಟ. ಪಂದ್ಯ 4–2ರಿಂದ ಕಬ್ಸ್ ತಂಡಕ್ಕೆ. ಗೆದ್ದವರು ಜೀವ ಹಿಡಿದುಕೊಂಡು ಬಿಡಾರಕ್ಕೆ ಓಡಿದರು. ಚಾನ್ಸನ ಕುತ್ತಿಗೆಗೆ ಯಾರೋ ಗುದ್ದಿದರು. ಪೊಲೀಸರ ಕಾವಲಿನಲ್ಲಿ ಊರು ಬಿಟ್ಟರು. ಕೆಲವೇ ದಿನಗಳಲ್ಲಿ ಅವರು ಡೆಟ್ರಾಯಿಟ್ ತಂಡವನ್ನು ಮತ್ತೆ ಸೋಲಿಸಿ ವಿಶ್ವ ಸರಣಿಯನ್ನು ಗೆದ್ದರು. ಬ್ರೌನನಿಗೆ ಅದರಲ್ಲಿ ಎರಡು ಗೆಲುವು. ಕಬ್ಸ್ ತಂಡಕ್ಕೆ ಆ ಭಾಗ್ಯ ಮತ್ತೆ ಬಂದುದು 2016ರಲ್ಲಿ, ಅಂದರೆ ನೂರೆಂಟು ವರ್ಷಗಳ ತರುವಾಯ.

ಪಾಪ, ಮರ್ಕಲ್ ಎಂಬ ಆ ಹುಡುಗ! ಮುಂದೆ ಎಷ್ಟೋ ವರ್ಷ ಚೆನ್ನಾಗಿ ಆಡಿದರೂ ಬೇಸನ್ನು ಮುಟ್ಟದವನೆಂಬ ಅಡ್ಡಹೆಸರು ಅವನ ಬೆನ್ನು ಬಿಡಲಿಲ್ಲ. ಒಬ್ಬನ ಊನವನ್ನು ಹೊಗಳಿಕೆಯ ಹೆಸರಾಗಿ ಮಾಡಿದ ಜನವೇ ಇನ್ನೊಬ್ಬನ ಒಂದು ಗಳಿಗೆಯ ಮರೆವನ್ನು ಕ್ಷಮಿಸಲಿಲ್ಲ.

1906ರಿಂದ 1911ರವರೆಗೆ ಬ್ರೌನನು ಪ್ರತಿ ವರ್ಷವೂ ಇಪ್ಪತ್ತಕ್ಕೆ ಕಡಿಮೆಯಿಲ್ಲದೆ ಗೆದ್ದನು. ತನ್ನ ಸರದಿಯಲ್ಲದ ದಿನವೂ ಇತರ ಎಸೆಗಾರರು ಕುಸಿದಾಗ ಕರೆ ಬಂದರೆ ಎದ್ದುಹೋಗಿ ಪಂದ್ಯವನ್ನು ಕಾಯುತ್ತಿದ್ದನು. ಇಂದು ಅದಕ್ಕೆಂದೇ ಪ್ರತ್ಯೇಕ ಎಸೆಗಾರರಿದ್ದಾರೆ, ಅದಕ್ಕೊಂದು ಲೆಕ್ಕವಿದೆ. ಆಗ ಅದು ಲೆಕ್ಕಕ್ಕಿಲ್ಲದ ದುಡಿಮೆ. ದುಡಿಯುವ ಎತ್ತಿನ ಹೆಗಲಿಗೇ ನೊಗವೆಂಬುದು ಎಲ್ಲ ದೇಶಕ್ಕೂ ಒಂದೇ. 1912ರಲ್ಲಿ ಮೊಣಕಾಲು ಕೆಟ್ಟಿತು. ಚಿಕಾಗೋದವರು ಅವನನ್ನು ಬಿಟ್ಟರು. ಸಿನ್ಸಿನಾಟಿಯಲ್ಲಿ ಒಂದು ವರ್ಷ. ಬಳಿಕ ಎರಡೇ ವರ್ಷ ಬದುಕಿದ ಫೆಡರಲ್ ಲೀಗ್ ಎಂಬ ಹೊಸ ಸಂಸ್ಥೆಯಲ್ಲಿ ಎರಡು ವರ್ಷ. ಅದು ಮುಚ್ಚಿದಾಗ, 1916ರಲ್ಲಿ, ಹಳೆಯ ಕಬ್ಸ್ ತಂಡಕ್ಕೇ ಹಿಂತಿರುಗಿದನು. ಅಷ್ಟರಲ್ಲಿ ಅವನಿಗೆ ಮೂವತ್ತೊಂಬತ್ತು ವರ್ಷ.

ಆ ವರ್ಷ ಸೆಪ್ಟೆಂಬರ್ 4ರಂದು ಚಿಕಾಗೋದಲ್ಲಿ ಹಳೆಯ ಜೋಡಿ ಕೊನೆಯ ಸಲ ಎದುರಾಯಿತು. ಮ್ಯಾಥ್ಯೂಸನ್ನನು ಆಗ ಸಿನ್ಸಿನಾಟಿ ತಂಡದ ವ್ಯವಸ್ಥಾಪಕ. ಹಳೆಯ ಬಾಕಿಯನ್ನು ತೀರಿಸುವಂತೆ ಅವನೂ ಚೆಂಡು ಹಿಡಿದನು. ಒಂದೊಂದು ಓಟಕ್ಕೆ ಹೆಣಗಿದ್ದ ಆ ಇಬ್ಬರೂ ಆ ದಿನ ಓಟಗಳನ್ನು ಧಾರಾಳವಾಗಿ ಬಿಟ್ಟುಕೊಟ್ಟರು. ಇಬ್ಬರನ್ನೂ ದಾಂಡಿಗರು ಮನಬಂದಂತೆ ಹೊಡೆದರು. ಇಬ್ಬರೂ ಮೈದಾನ ಬಿಡದೆ ಕೊನೆಯವರೆಗೆ ಎಸೆದರು. 10–8ರಿಂದ ಮ್ಯಾಥ್ಯೂಸನ್ ಗೆದ್ದನು. ದೊಡ್ಡ ಲೀಗಿನಲ್ಲಿ ಇಬ್ಬರಿಗೂ ಅದೇ ಕಡೆಯ ಪಂದ್ಯ. ಬ್ರೌನನ ಒಟ್ಟು ಲೆಕ್ಕ 239 ಗೆಲುವು, 130 ಸೋಲು. ಒಟ್ಟು ಸರಾಸರಿ 2.06.

ಅನಂತರವೂ 1920ರವರೆಗೆ ಸಣ್ಣ ಲೀಗುಗಳಲ್ಲಿ ಎಸೆದು, ತಾನು ಮೊದಲು ಸಂಬಳ ಎಣಿಸಿಕೊಂಡ ಟೆರ ಹೋಟ್ ಪಟ್ಟಣಕ್ಕೆ ಹಿಂತಿರುಗಿ, ಪತ್ನಿಯೊಡನೆ ನೆಲಸಿದನು. ಅಲ್ಲಿ ಒಂದು ಪೆಟ್ರೋಲ್ ಬಂಕನ್ನಿಟ್ಟು 1945ರವರೆಗೆ ನಡೆಸಿದನು. ಪೆಟ್ರೋಲಿಗೆ ಬಂದವರಿಗಿಂತ ಹಳೆಯ ಆಟದ ಮಾತಿಗೆ ಬಂದವರೇ ಅಲ್ಲಿ ಹೆಚ್ಚು. ಊರವರಿಗೆ ಅದು ಹರಟೆಯ ಕಟ್ಟೆಯೂ ಹೌದು, ಒಂದು ಬಗೆಯ ವಸ್ತುಸಂಗ್ರಹಾಲಯವೂ ಹೌದು. ಬೆರಳು ಹೋದುದರಿಂದ ನಿನಗೆ ಲಾಭವಾಯಿತೇ, ಎಂದು ಅವನನ್ನು ಕೇಳದವರಿಲ್ಲ. ಅದನ್ನು ಹೇಳಬೇಕಾದರೆ ನೆಟ್ಟಗಿರುವ ಕೈಯಿಂದಲೂ ಒಮ್ಮೆ ಎಸೆದು ನೋಡಬೇಕಿತ್ತು, ತಾನು ಹಾಗೆ ಎಸೆದು ನೋಡಿದ್ದೇ ಇಲ್ಲ ಎಂಬರ್ಥದ ಉತ್ತರವನ್ನು ಅವನು ಕೊಟ್ಟನು. ಆ ಕೈಯ ವಿಷಯವಾಗಿ ಪತ್ರಿಕೆಗಳು ಬರೆದ ಸಾವಿರ ಮಾತುಗಳಿಗಿಂತ ನಮಗೆ ಇದೇ ಹೆಚ್ಚು ಹಿಡಿಸುತ್ತದೆ.

ಅಮೆರಿಕದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ಬೇಸ್‌ಬಾಲಿನ ಮಹನೀಯರ ಹೆಸರುಗಳನ್ನು ಕಂಚಿನಲ್ಲಿ ಕೆತ್ತಿಡುವ ಕೀರ್ತಿಭವನವೊಂದಿದೆ. 1936ರಲ್ಲಿ ಅದಕ್ಕೆ ಆರಿಸಲ್ಪಟ್ಟ ಮೊದಲ ಐವರಲ್ಲಿ ಮ್ಯಾಥ್ಯೂಸನ್ನನೂ ಒಬ್ಬನು. ಅವನು ಕ್ಷಯರೋಗದಿಂದ 1925ರಲ್ಲಿಯೇ ತೀರಿಕೊಂಡಿದ್ದನು. ಬ್ರೌನನು ಟೆರ ಹೋಟಿನಲ್ಲಿ ವರ್ಷ ವರ್ಷವೂ ಆಯ್ಕೆಯ ಸುದ್ದಿಯನ್ನು ಪತ್ರಿಕೆಗಳಲ್ಲಿ ಕಾಣಬಹುದಾದಷ್ಟು ಕಾಲ ಬದುಕಿದ್ದನು. ಅವನ ಹೆಸರು ಬರಲಿಲ್ಲ. 1948ನೆಯ ಇಸವಿ ಫೆಬ್ರವರಿ 14ರಂದು, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವನು ಕಾಲವಾದನು. ಹೆಸರು ಬಂದುದು ಮರುವರ್ಷ.